ಹದಿನೇಳು ಎಲ್ಲಿ ಹೋಯಿತು?

ಭಗವಂತ ಈ ಲೋಕವನ್ನು ಮಾಡುವಾಗ ಆಕಾಶವನ್ನು ಯಾಕೆ ಇಷ್ಟು ಸಡಿಲವಾಗಿ ಬಿಟ್ಟ, ಮಡಿಚಿ ಇಟ್ಟಿದ್ದರೆ ಎಷ್ಟೊಂದು ಜಾಗ ಉಳಿಯುತ್ತಿತ್ತಲ್ಲ ಎಂದು ಕೇಳಿದವರು ನನಗೆ ತಿಳಿದ ಮಟ್ಟಿಗೆ ಒಬ್ಬರೇ. ಅವರು ನೀರು ಸರಬರಾಜು ಕಚೇರಿಯ ಗುಮಾಸ್ತರು. ಅವರ ಕಥೆಯನ್ನೇ ಈಗ ಹೇಳಹೊರಟಿದ್ದೇನೆ. ಕೇಳುವವರು ಕಾಲು ಚಾಚಿ ಆರಾಮವಾಗಿ ಕೂರಬಹುದು. ಈ ಕಥೆಯಲ್ಲಿ ಯಾರೂ ಸಾಯುವುದಿಲ್ಲ.

ಗುಮಾಸ್ತರು ಹಗಲು ನಲ್ಲಿ ಸೋರುವ ಅರ್ಜಿಗಳನ್ನು ತಾರೀಕಿನ ಪ್ರಕಾರ ಜೋಡಿಸಿಡುತ್ತಿದ್ದರು. ಸಂಜೆ ಮನೆಗೆ ಬಂದು, ಕೈಕಾಲು ತೊಳೆದು, ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ಹೀಗೆ ಹನ್ನೊಂದು ವರ್ಷ ಕೂತು ‘ಕಪಾಟು’ ಎಂಬ ತಂತ್ರಾಂಶವನ್ನು ಬರೆದಿದ್ದರು. ಸಣ್ಣ ಗ್ರಂಥಾಲಯಗಳಲ್ಲಿ ಯಾವ ಪುಸ್ತಕ ಇದೆ, ಯಾರು ಒಯ್ದರು, ಯಾರು ಒಯ್ದು ಮರೆತರು ಎಂಬುದನ್ನೆಲ್ಲ ಅದು ನೆನಪಿಟ್ಟುಕೊಳ್ಳುತ್ತಿತ್ತು. ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು, ಒಳಗಿನ ಬರಹ ಓದಬಹುದು, ತಿದ್ದಬಹುದು, ತಪ್ಪು ಕಂಡರೆ ಅದೇ ಪುಟದಲ್ಲಿ ದೂರು ಬರೆಯಬಹುದು. ಇನ್ನೂರಕ್ಕೂ ಹೆಚ್ಚು ಊರುಗಳ ಗ್ರಂಥಾಲಯಗಳು ಅದನ್ನು ಬಳಸುತ್ತಿದ್ದವು.

ಮೊದಲು ಬಳಸಿದ್ದು ಅವರ ಅಕ್ಕ. ಊರಿನ ತುದಿಯಲ್ಲಿ, ಬಸ್ಸು ತಿರುಗಿಸುವ ಜಾಗದ ಪಕ್ಕ ಒಂದು ಶಾಖಾ ಗ್ರಂಥಾಲಯ. ಅಲ್ಲಿ ಪುಸ್ತಕ ಕೊಡುವವರೂ ಅಕ್ಕನೇ, ಕಸ ಗುಡಿಸುವವರೂ ಅಕ್ಕನೇ. ಈಗ ಆ ಶಾಖೆಗೆ ಕಷ್ಟ ಬಂದಿತ್ತು. ಕಪಾಟಿನಲ್ಲಿ ಒಂದು ತಪ್ಪು ಇತ್ತು. ಒಂದೇ ದಿನ ಹಿಂದೆ ಬಂದು ಮತ್ತೆ ಹೊರಗೆ ಹೋದ ಪುಸ್ತಕವನ್ನು ಅದು ಎರಡು ಸಲ ಎಣಿಸಿಬಿಡುತ್ತಿತ್ತು. ಅದರಿಂದಾಗಿ ಹೋದ ತಪಾಸಣೆಯಲ್ಲಿ ಪಟ್ಟಿಯ ಪ್ರಕಾರ ನಲವತ್ತೊಂದು ಪುಸ್ತಕ ಕಡಿಮೆ ಬಿದ್ದಿತ್ತು. ತಪಾಸಣಾಧಿಕಾರಿ ಕೆಂಪು ಶಾಯಿಯಲ್ಲಿ ಬರೆದುಹೋಗಿದ್ದರು: ‘ಬರುವ ತಪಾಸಣೆಯಲ್ಲಿ ಒಂದು ಪುಸ್ತಕ ಕಡಿಮೆಯಾದರೂ ಶಾಖೆಗೆ ಬೀಗ. ಪುಸ್ತಕಗಳು ಮುಖ್ಯ ಗ್ರಂಥಾಲಯಕ್ಕೆ.’ ಆ ತಪಾಸಣೆ ಬರುವ ಸೋಮವಾರ.

ಗುರುವಾರ ಸಂಜೆಗೆ ಗುಮಾಸ್ತರು ತಪ್ಪು ತಿದ್ದಿ ಮುಗಿಸಿದರು. ಇನ್ನು ಎಲ್ಲ ಕಡತಗಳನ್ನೂ ಒಂದು ಪೊಟ್ಟಣವಾಗಿ ಒತ್ತಿ ಕಟ್ಟಿ ಅಂತರ್ಜಾಲದಲ್ಲಿ ಇಟ್ಟರೆ ಮುಗಿಯಿತು. ಇಷ್ಟು ವರ್ಷವೂ ಹಳೆಯ ಜಿಪ್‌ನಲ್ಲೇ ಕಟ್ಟುತ್ತಿದ್ದರು. ಎಂಥ ಮುದಿ ಕಂಪ್ಯೂಟರಾದರೂ ಅದನ್ನು ಮರುಮಾತಿಲ್ಲದೆ ಬಿಚ್ಚುತ್ತದೆ. ಆದರೆ ಆ ಸಂಜೆ ಯಾರೋ ಗುರುತಿಲ್ಲದ ಮನುಷ್ಯ ಅವರ ಪುಟದಲ್ಲಿ ಒಂದು ಸಾಲು ಬರೆದಿದ್ದ: ‘ಈ ಕಾಲದಲ್ಲೂ ಜಿಪ್ಪಾ?’

ಬೈದಿರಲಿಲ್ಲ, ಹಂಗಿಸಿರಲಿಲ್ಲ. ಆದರೂ ಕೊನೆಯ ಆ ಪ್ರಶ್ನಾರ್ಥಕ ಚಿಹ್ನೆ ಗುಮಾಸ್ತರ ಎದೆಗೆ ಕೊಕ್ಕೆಯ ಹಾಗೆ ಸಿಕ್ಕಿಕೊಂಡಿತು. ಶುಕ್ರವಾರ ಕಚೇರಿಗೆ ರಜ ಹಾಕಿದರು.

ಬೆಳಿಗ್ಗೆಯಿಂದ ಏಳು ಬಗೆಯ ಒತ್ತುವ ವಿಧಾನಗಳನ್ನು ಪರೀಕ್ಷಿಸಿದರು. ಒಂದು ಬೇಗ ಕಟ್ಟುತ್ತಿತ್ತು, ಗಂಟು ಸಡಿಲ. ಇನ್ನೊಂದು ಬಿಗಿಯಾಗಿತ್ತು, ಆದರೆ ಅದನ್ನು ಆಗಲೇ ಬೇರೆಯವರೂ ಬಳಸುತ್ತಿದ್ದರು, ಅದರಲ್ಲಿ ಹೆಚ್ಚುಗಾರಿಕೆ ಇಲ್ಲ. ಏಳನೆಯದರ ಮೇಲೆ ಅದನ್ನು ಮಾಡಿದವನೇ ‘ಪ್ರಯೋಗಕ್ಕೆ ಮಾತ್ರ’ ಎಂದು ಬರೆದಿದ್ದ. ನಾವು ನೀವಾದರೆ ಅದನ್ನು ಎಚ್ಚರಿಕೆ ಎಂದು ಓದುತ್ತೇವೆ. ಗುಮಾಸ್ತರು ಆಮಂತ್ರಣ ಎಂದು ಓದಿದರು. ಅದರಲ್ಲಿ ಬಿಗಿತಕ್ಕೆ ಒಂದರಿಂದ ಒಂಬತ್ತರ ತನಕ ಮೆಟ್ಟಿಲುಗಳಿದ್ದವು. ನೇರವಾಗಿ ಒಂಬತ್ತಕ್ಕೆ ಹತ್ತಿದರು. ಕಂಪ್ಯೂಟರಿನ ಫ್ಯಾನು ಮುಕ್ಕಾಲು ಗಂಟೆ ಬಿಸಿಗಾಳಿ ಉಗುಳುತ್ತ ಭೋರ್ಗರೆಯಿತು. ಹೆಂಡತಿ ಎರಡು ಸಲ ಬಂದು ಇಸ್ತ್ರಿಪೆಟ್ಟಿಗೆ ಆರಿಸಿದ್ದೇನೆಯೇ ಎಂದು ನೋಡಿ ಹೋದಳು.

ನಲವತ್ತೆಂಟು ಎಂಬಿಯ ಪೊಟ್ಟಣ ಮೂವತ್ತೊಂದಕ್ಕೆ ಇಳಿಯಿತು.

ಈ ಪೊಟ್ಟಣ ಬಿಚ್ಚಲು ಒಂದು ಬೇರೆ ತಂತ್ರಾಂಶ ಬೇಕು. ಬಳಸುವವರಿಗೆ ಹುಡುಕುವ ತೊಂದರೆ ಬೇಡ ಎಂಬ ಒಳ್ಳೆಯ ಮನಸ್ಸಿನಿಂದ ಗುಮಾಸ್ತರು ಅದನ್ನೂ ಪೊಟ್ಟಣದ ಒಳಗೇ ಜೋಪಾನವಾಗಿ ಇಟ್ಟು ಕಟ್ಟಿದರು. ಹಳೆಯ ಜಿಪ್ಪನ್ನು ಪುಟದಿಂದ ತೆಗೆದು, ‘ಲೋಕದ ಅತಿ ಪುಟ್ಟ ಗ್ರಂಥಾಲಯ ತಂತ್ರಾಂಶ’ ಎಂದು ಬರೆದು, ಊಟಕ್ಕೆ ಬಂದರು.

"ನಲವತ್ತೆಂಟಿದ್ದದ್ದು ಮೂವತ್ತೊಂದಕ್ಕೆ ಇಳೀತು ಕಣೇ!"

"ಏನ್ರೀ, ನಿಮ್ಮ ಸೊಂಟಾನಾ?" ಅಂದಳು ಹೆಂಡತಿ, ತಟ್ಟೆ ಇಡುತ್ತ.

ಊಟದ ಮೇಜಿನ ಆ ಕಡೆ ಮಾವನವರು ಕೂತಿದ್ದರು. ತೂಕ ಮತ್ತು ಅಳತೆ ಇಲಾಖೆಯ ನಿವೃತ್ತ ಇನ್ಸ್‌ಪೆಕ್ಟರು. ಮೂವತ್ತಾರು ವರ್ಷ ಅಂಗಡಿ ಅಂಗಡಿಯ ತಕ್ಕಡಿಗೆ ಕಣ್ಣಿಟ್ಟು ಬದುಕಿದವರು. ಈಗಲೂ ಮನೆಗೆ ಬ್ರೆಡ್ ಬಂದರೆ ಮೊದಲು ತೂಗಿಯೇ ಒಳಗೆ ಬಿಡುತ್ತಿದ್ದರು. ಅವರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು.

"ಅಳಿಯಂದಿರೇ, ಹೋದ ಸಲ ಎಷ್ಟು ಕೊಟ್ಟಿದ್ರಿ?"

"ನಲವತ್ತೆಂಟು ಮಾವ."

"ಈ ಸಲ?"

"ಮೂವತ್ತೊಂದು!"

"ಹದಿನೇಳು ಎಲ್ಲಿ ಹೋಯಿತು?"

"ಎಲ್ಲೂ ಹೋಗಿಲ್ಲ ಮಾವ, ಒಳಗೇ ಇದೆ."

"ನಾನು ಹಿಡಿದ ಒಬ್ಬೊಬ್ಬ ಅಂಗಡಿಯವನೂ ‘ಒಳಗೇ ಇದೆ ಸಾರ್’ ಅಂತಲೇ ಹೇಳಿದ್ದು."

"ಹಾಗಲ್ಲ ಮಾವ. ಒಂದೇ ಮಾತು ಮತ್ತೆ ಮತ್ತೆ ಬರುತ್ತಲ್ಲ, ಅದನ್ನ ಒಂದು ಸಲ ಮಾತ್ರ ಬರೆದು, ಆಮೇಲೆ ಬಂದಲ್ಲೆಲ್ಲ ‘ಮೇಲಿನಂತೆ’ ಅಂತ ಗುರುತು ಹಾಕ್ತೀವಿ. ಜಾಗ ಉಳಿಯುತ್ತೆ."

ಮಾವನವರು ಎರಡು ಬೆರಳು ಎತ್ತಿ, ಒಂದನ್ನು ಮಡಿಚಿದರು. "ಅಂದ್ರೆ, ಗಿರಾಕಿ ಎರಡು ಬ್ರೆಡ್ ಕೇಳಿದರೆ ಒಂದು ಬ್ರೆಡ್ ಕೊಟ್ಟು, ಇನ್ನೊಂದಕ್ಕೆ ‘ಮೇಲಿನಂತೆ’ ಅಂತ ಚೀಟಿ ಕೊಡ್ತೀರಿ."

"ಮನೆಗೆ ಹೋಗಿ ಬಿಚ್ಚಿದರೆ ಎರಡೂ ಬ್ರೆಡ್ ಇರುತ್ತೆ ಮಾವ!"

"ಮಗಳೇ," ಅಂದರು ಮಾವನವರು ಮೆಲ್ಲಗೆ, "ನಿನ್ನ ಗಂಡ ಯಾವತ್ತಿಂದ ಹೀಗೆ?"

ಊಟವಾದ ಮೇಲೆ ತಮ್ಮ ಕೋಣೆಯಿಂದ ದಪ್ಪ ಪುಸ್ತಕ ತಂದರು. ಹಳೆಯ ಕ್ಯಾಲೆಂಡರಿನ ಹಾಳೆಯ ಹೊದಿಕೆ ಹಾಕಿದ, ಮೂಲೆ ಸವೆದ ಪುಸ್ತಕ. ಲೋಕದಲ್ಲಿರುವ ಸಮಸ್ತ ಅಳತೆಗಳೂ ಅದರಲ್ಲಿವೆ ಎಂಬುದು ಅವರ ನಂಬಿಕೆ. ಬೆಳಿಗ್ಗೆ ದೇವರ ನಾಮ ಹೇಳಿದ ಮೇಲೆ ಅದರಲ್ಲಿ ಎರಡು ಪುಟ ಓದುತ್ತಿದ್ದರು. ಎಂಬಿ ಎಂಬ ಅಳತೆ ಅದರಲ್ಲಿ ಸಿಗಲಿಲ್ಲ. ‘ಪುಸ್ತಕದಲ್ಲೇ ಇಲ್ಲದ ತೂಕದಲ್ಲಿ ವ್ಯಾಪಾರ’ ಎಂದು ಒಂದು ಚೀಟಿಯಲ್ಲಿ ಗುರುತು ಹಾಕಿಕೊಂಡರು.

ಯಾರು ಬೇಕಾದರೂ ದೂರು ಬರೆಯಬಹುದು ಎಂದು ಹಿಂದೊಮ್ಮೆ ಹೆಮ್ಮೆಯಿಂದ ಆ ಪುಟವನ್ನು ತೋರಿಸಿಕೊಟ್ಟವರು ಗುಮಾಸ್ತರೇ. ಮಾವನವರು ಮಗಳ ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆದರು: ‘ದೂರು ಸಂಖ್ಯೆ ಒಂದು. ಸದರಿ ಪೊಟ್ಟಣದಲ್ಲಿ ಹದಿನೇಳು ಎಂಬಿ ಕೊರತೆ ಕಂಡುಬಂದಿದೆ. ತಯಾರಕರನ್ನು ವಿಚಾರಿಸಲಾಗಿ, ಒಳಗೇ ಇದೆ ಎಂದು ಹಾರಿಕೆಯ ಉತ್ತರ ನೀಡಿರುತ್ತಾರೆ. ತಯಾರಕರು ನನ್ನ ಅಳಿಯಂದಿರೇ ಆದರೂ ಕರ್ತವ್ಯ ಕರ್ತವ್ಯವೇ. ಸಹಿ, ನಿವೃತ್ತ ಇನ್ಸ್‌ಪೆಕ್ಟರ್.’

ಶನಿವಾರ ಬೆಳಿಗ್ಗೆ ಕಾಫಿಯ ಹೊತ್ತಿಗೆ ಆ ದೂರಿನ ಕೆಳಗೆ ಎಪ್ಪತ್ತು ಉತ್ತರಗಳು ಸಾಲುಗಟ್ಟಿದ್ದವು. ಯಾವುದೋ ಶಾಲೆಯ ಗ್ರಂಥಾಲಯದವರು, ‘ನಮ್ಮಲ್ಲಿ ಪೊಟ್ಟಣ ಬಿಚ್ಚುತ್ತಲೇ ಇಲ್ಲ, ಬಿಚ್ಚುವ ಭಾಗವೇ ಆ ಹದಿನೇಳರಲ್ಲಿ ಹೋಗಿರಬೇಕು’ ಎಂದಿದ್ದರು. ಒಬ್ಬ ಮೇಷ್ಟ್ರು, ‘ಮಕ್ಕಳ ಪುಸ್ತಕಗಳ ವಿಭಾಗ ತೆಗೆದಿದ್ದಾರಂತೆ, ನಿಜವೇ?’ ಎಂದು ಕೇಳಿದ್ದರು. ಅದರ ಕೆಳಗಿನವರು, ‘ನಿಜ’ ಎಂದು ಬರೆದಿದ್ದರು. ಅವರಿಗೆ ಯಾರು ಹೇಳಿದರೋ ಆ ದೇವರಿಗೇ ಗೊತ್ತು. ಮೊದಲು ಜಿಪ್ಪಾ ಎಂದು ಕೇಳಿದ್ದ ಮನುಷ್ಯ ಈಗ, ‘ಜಿಪ್ಪೇ ಚೆನ್ನಾಗಿತ್ತು’ ಎಂದು ಬರೆದು ಸುಮ್ಮನಾಗಿದ್ದ.

ಹತ್ತು ಗಂಟೆಗೆ ಅಕ್ಕನ ಫೋನು.

"ಲೋ, ಇದನ್ನ ಬಿಚ್ಚೋದು ಹೇಗೋ?"

"ಅದಕ್ಕೆ ಬೇರೆ ತಂತ್ರಾಂಶ ಬೇಕು ಅಕ್ಕ. ನಿನಗೆ ತೊಂದರೆ ಆಗಬಾರದು ಅಂತ ಒಳಗೇ ಇಟ್ಟಿದ್ದೀನಿ."

"ಯಾವುದರ ಒಳಗೆ?"

ಗುಮಾಸ್ತರು ಪರದೆಯ ಮೇಲಿನ ಪೊಟ್ಟಣದ ಕಡೆ ತಿರುಗಿದರು.

"ಅದರ... ಒಳಗೆ."

"ಬೀರುವಿನ ಬೀಗದ ಕೈ ಬೀರುವಿನ ಒಳಗಿಟ್ಟು ಬೀಗ ಹಾಕಿದೆಯಾ? ಐದನೇ ವಯಸ್ಸಿನಲ್ಲೂ ಒಂದು ಸಲ ಹೀಗೇ ಮಾಡಿದ್ದೆ. ಆಗ ನೀನೂ ಬೀರುವಿನ ಒಳಗೇ ಇದ್ದೆ." ಅಕ್ಕನ ದನಿ ಇಳಿಯಿತು. "ಇನ್ನೊಂದು ವಿಷಯ ಕೇಳು. ತಪಾಸಣಾಧಿಕಾರಿ ಆ ದೂರು ಓದಿದ್ದಾರಂತೆ. ಕೊರತೆ ಇರೋ ತಂತ್ರಾಂಶದ ಲೆಕ್ಕ ನಾನು ಒಪ್ಪಲ್ಲ, ದೂರು ಕೊಟ್ಟ ಇನ್ಸ್‌ಪೆಕ್ಟರೇ ‘ಕೊರತೆ ಇಲ್ಲ’ ಅಂತ ಬರೆದುಕೊಡಲಿ ಅಂದರು. ಸೋಮವಾರ ಹತ್ತಕ್ಕೆ ಬರ್ತಾರೆ. ಇಪ್ಪತ್ತಾರು ವರ್ಷ ಈ ಬಾಗಿಲು ತೆಗೆದಿದ್ದೀನಿ ಕಣೋ. ನಿನ್ನ ಪೊಟ್ಟಣದ ಬಿಗಿತಕ್ಕೆ ಮುಚ್ಚಿಸಬೇಡ."

ಗುಮಾಸ್ತರು ಮಾವನವರ ಕಾಲಿಗೆ ಬೀಳುವುದೊಂದು ಬಾಕಿ. "ದೂರು ವಾಪಸ್ ತಗೊಳ್ಳಿ ಮಾವ."

"ತಗೊಳ್ತೀನಿ. ಹದಿನೇಳು ತೋರಿಸಿ."

ಭಾನುವಾರ ಮಧ್ಯಾಹ್ನ ಎಲ್ಲರೂ ಅಕ್ಕನ ಶಾಖೆಗೆ ಹೊರಟರು. ಕರೆದುಕೊಂಡು ಹೋದದ್ದು ಪಕ್ಕದ ಮನೆಯ ಹಾಸಿಗೆಯವನು. ಹಾಸಿಗೆ ಹೊಲಿದು ಮಾರುವವನು, ಸರಕು ಸಾಗಿಸಲು ಮೂರು ಚಕ್ರದ ಗಾಡಿ ಇಟ್ಟುಕೊಂಡಿದ್ದ. ಮಾವನವರು ಮುಂದೆ, ಗುಮಾಸ್ತರು ಹಿಂದೆ ಹತ್ತಿಯ ಮೂಟೆಗಳ ನಡುವೆ. ಹೆಂಡತಿ ಮನೆಯಲ್ಲೇ ಕಂಪ್ಯೂಟರಿನ ಕಾವಲಿಗೆ ಉಳಿದಳು.

ಶಾಖೆಯ ಕಂಪ್ಯೂಟರಿಗೆ ಧೂಳು ಹಿಡಿಯದಂತೆ ಅಕ್ಕ ಹೂವಿನ ಚಿತ್ತಾರದ ಬಟ್ಟೆ ಹೊದಿಸಿದ್ದರು. ವಯಸ್ಸಾದ ಯಂತ್ರ; ಗುಂಡಿ ಒತ್ತಿ ಒಂದು ಕಾಫಿ ಕುಡಿದರೆ ಎಚ್ಚರವಾಗುತ್ತಿತ್ತು. ಬಿಚ್ಚುವ ತಂತ್ರಾಂಶವನ್ನು ಗುಮಾಸ್ತರು ಪೆನ್‌ಡ್ರೈವಿನಲ್ಲಿ ತಂದಿದ್ದರು. ಚುಚ್ಚಿದರು, ಒತ್ತಿದರು. ಯಂತ್ರ ಗುಡುಗಿತು, ನಡುಗಿತು, ಪರದೆ ಕಪ್ಪಾಯಿತು. ಮತ್ತೆ ಒತ್ತಿದರು, ಮತ್ತೆ ಕಪ್ಪು. ಮೂರನೇ ಸಲ ಅದು ಗುಡುಗಲೂ ಇಲ್ಲ.

"ಮೆಮೊರಿ ಸಾಲದು," ಅಂದರು ಗುಮಾಸ್ತರು. "ಬಿಚ್ಚೋಕೆ ಎರಡು ಜಿಬಿ ಬೇಕು, ಇದರಲ್ಲಿ ಅರ್ಧ ಇದೆ."

"ಮೂವತ್ತೊಂದು ಎಂಬಿ ಬಿಚ್ಚೋಕೆ ಎರಡು ಜಿಬಿ?" ಅಕ್ಕ ಸೊಂಟಕ್ಕೆ ಕೈಯಿಟ್ಟರು. "ಪುಟ್ಟದು ಪುಟ್ಟದು ಅಂತ ಲೋಕಕ್ಕೆಲ್ಲ ಸಾರಿದೆಯಲ್ಲೋ!"

ಬಾಗಿಲಿಗೆ ಒರಗಿದ್ದ ಹಾಸಿಗೆಯವನು ಗಂಟಲು ಸರಿಮಾಡಿಕೊಂಡ. "ಅಕ್ಕಾವ್ರೇ, ಒಂದು ಮಾತು. ನಮ್ಮ ಹತ್ತಿಯೂ ಹೀಗೇ. ಯಂತ್ರದಲ್ಲಿ ಒತ್ತಿ ಕಟ್ಟಿದ ಮೂಟೆ ಇಷ್ಟೇ ಇಷ್ಟು. ಮೊದಲ ಸಲ ತಂದಾಗ ಅಡುಗೆಮನೆಯಲ್ಲಿ ಬಿಚ್ಚಿದೆ. ಹಗ್ಗ ಕತ್ತರಿಸಿದ್ದೇ ತಡ, ಹತ್ತಿ ಉಬ್ಬಿ ಉಬ್ಬಿ ಬಾಗಿಲ ತನಕ ಬಂತು. ನಮ್ಮನೆಯವಳು ಒಳಗೇ ಸಿಕ್ಕಿಹಾಕಿಕೊಂಡಳು, ಕೆಮ್ಮು ಕೇಳಿಸ್ತಿತ್ತು, ಆಳು ಕಾಣಿಸ್ತಿರಲಿಲ್ಲ. ಕಟ್ಟೋದು ಎಷ್ಟು ಬಿಗಿಯೋ, ಬಿಚ್ಚೋಕೆ ಅಷ್ಟು ದೊಡ್ಡ ಕೋಣೆ ಬೇಕು. ಅಕ್ಕನೋರ ಯಂತ್ರ ಅಡುಗೆಮನೆ."

ಮಾವನವರು ತಟ್ಟನೆ ತಿರುಗಿದರು. "ಒತ್ತಿದ ಮೇಲೆ ಮೂಟೆ ಚಿಕ್ಕದಾಯಿತು. ಹತ್ತಿ ಕಡಿಮೆ ಆಯಿತೋ?"

"ಒಂದು ಎಳೆ ಕೂಡ ಇಲ್ಲ ಸಾರ್. ಗಾಳಿ ಹೋಗಿರುತ್ತೆ ಅಷ್ಟೆ."

"ಹೌದಾ!" ಮೂವತ್ತಾರು ವರ್ಷದ ನಂಬಿಕೆಗಳು ಮಾವನವರ ಮುಖದ ಮೇಲೆ ಒಂದೊಂದಾಗಿ ಜಾಗ ಬದಲಿಸುವುದು ಕಾಣುತ್ತಿತ್ತು. "ಅಳಿಯಂದಿರೇ, ಇದನ್ನ ಮೊದಲೇ ಹೀಗೆ ಹೇಳಬಾರದಾಗಿತ್ತಾ? ಬ್ರೆಡ್ಡು, ಚೀಟಿ ಅಂತೆಲ್ಲ ಯಾಕೆ ಹೇಳಿದ್ರಿ?"

ಬ್ರೆಡ್ಡಿನ ಮಾತು ಯಾರು ತೆಗೆದರೆಂದು ನೆನಪಿಸುವ ಧೈರ್ಯ ಗುಮಾಸ್ತರಿಗೆ ಇರಲಿಲ್ಲ. ಅವರ ಚಿಂತೆಯೇ ಬೇರೆ. "ಅಕ್ಕ, ಒಂದು ಕೆಲಸ ಮಾಡೋಣ. ನನ್ನ ಕಂಪ್ಯೂಟರನ್ನೇ ತಂದು ಇಲ್ಲಿ ಇಟ್ಟುಬಿಡ್ತೀನಿ. ಅದರಲ್ಲಿ ಬಿಚ್ಚುತ್ತೆ."

"ಉಳಿದ ಇನ್ನೂರು ಊರಿಗೂ ಹೊತ್ತುಕೊಂಡು ಹೋಗ್ತೀಯಾ?"

ಗುಮಾಸ್ತರು ಹೂವಿನ ಬಟ್ಟೆಯನ್ನು ಮಡಿಚಿದರು, ಬಿಚ್ಚಿದರು, ಮತ್ತೆ ಮಡಿಚಿದರು. ಅದು ಅಷ್ಟು ಹೊತ್ತೂ ಒಂದೇ ಅಳತೆಯ ಬಟ್ಟೆಯಾಗಿಯೇ ಇತ್ತು. ಕೊನೆಗೆ ಹೆಂಡತಿಗೆ ಫೋನು ಮಾಡಿದರು.

"ಕಪಾಟಿನ ಕಡತಗಳ ಮೇಲೆ ಬಲಗಡೆ ಗುಂಡಿ ಒತ್ತು. ಜಿಪ್ ಅಂತ ಬರುತ್ತೆ. ಒತ್ತು. ಪುಟದಲ್ಲಿ ಹಾಕು."

ಎರಡು ನಿಮಿಷದಲ್ಲಿ ಉತ್ತರ ಬಂತು. "ಆಯ್ತು ರೀ. ಇದಕ್ಕೇನಾ ನೀವು ಒಂದು ದಿನ ರಜ ಹಾಕಿದ್ದು?"

ನಲವತ್ತೆಂಟು ಎಂಬಿಯ ದಡೂತಿ ಪೊಟ್ಟಣ ನಿಧಾನವಾಗಿ ಇಳಿಯಿತು. ಅಕ್ಕನ ಯಂತ್ರ ಅದನ್ನು ನೋಡಿದ ಕೂಡಲೇ ಹಳೆಯ ಗುರುತಿನವರನ್ನು ಒಳಗೆ ಕರೆಯುವಂತೆ ಬಿಚ್ಚಿಕೊಂಡಿತು. ಆದರೆ ಮಾವನವರು ಇನ್ನೂ ಸಹಿ ಹಾಕಲಿಲ್ಲ. ಹತ್ತಿಯ ವಿಷಯ ಹತ್ತಿಗಾಯಿತು, ಎರಡೂ ಪೊಟ್ಟಣದ ಒಳಗಿನ ಸರಕು ಒಂದೇ ಎಂಬುದಕ್ಕೆ ಮೊಹರು ಎಲ್ಲಿ ಎಂದರು. ದೇವರ ದಯೆ, ಕಂಪ್ಯೂಟರಿನವರು ಅದಕ್ಕೂ ಒಂದು ಮೊಹರು ಮಾಡಿಟ್ಟಿದ್ದಾರೆ: ಬಿಚ್ಚಿದ ಸರಕನ್ನೆಲ್ಲ ಲೆಕ್ಕ ಹಾಕಿ ಬರುವ ಅರವತ್ತನಾಲ್ಕು ಅಕ್ಷರಗಳ ಒಂದು ಸಾಲು. ಒಳಗೆ ಒಂದು ಚುಕ್ಕೆ ಬದಲಾದರೂ ಇಡೀ ಸಾಲು ಬದಲಾಗುತ್ತದೆ. ಈ ಮಾತು ಕೇಳಿದ ಮಾವನವರ ಕಣ್ಣು ತೇವವಾಯಿತು. ಇಂಥ ಮೊಹರು ಸರ್ವಿಸ್‌ನಲ್ಲಿದ್ದಾಗ ಸಿಕ್ಕಿದ್ದರೆ ಎಷ್ಟು ಜನರನ್ನು ಹಿಡಿಯಬಹುದಿತ್ತು!

ಮನೆಯಲ್ಲಿ ಹೆಂಡತಿ ಬಿಗಿ ಪೊಟ್ಟಣ ಬಿಚ್ಚಿ ಅದರ ಮೊಹರನ್ನು ಫೋನಿನಲ್ಲಿ ಓದಿದಳು. ಇಲ್ಲಿ ಮಾವನವರು ಜಿಪ್ಪಿನ ಮೊಹರಿನ ಮೇಲೆ ಬೆರಳಿಟ್ಟು ನೋಡಿದರು. ಹಾಸಿಗೆಯವನು ಸಾಕ್ಷಿಗೆ ನಿಂತ.

"ಏಳು. ಎ. ಮೂರು. ಮೂರು. ಎಫ್..."

"ನಿಧಾನ ಮಗಳೇ. ಮೂರು ಎರಡು ಸಲವೋ?"

"ಎರಡು ಸಲ ಅಪ್ಪ."

"ಬಿಡಿಸಿ ಹೇಳು. ‘ಮೇಲಿನಂತೆ’ ಅನ್ನಬೇಡ."

ಅರವತ್ತನಾಲ್ಕೂ ಕೂಡಿಬಂದವು. ಮಾವನವರು ಜೇಬಿನಿಂದ ಪೆನ್ನು ತೆಗೆದು ‘ಕೊರತೆ ಇರುವುದಿಲ್ಲ’ ಎಂದು ಬರೆದು, ತಾರೀಕು ಹಾಕಿ, ಸಹಿ ಮಾಡಿ, ಕೆಳಗೆ ಎರಡು ಗೆರೆ ಎಳೆದರು.

ಸೋಮವಾರ ಹತ್ತಕ್ಕೆ ಸರಿಯಾಗಿ ತಪಾಸಣಾಧಿಕಾರಿ ಬಂದರು. ಮಾವನವರೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಅವರನ್ನು ಯಾರೂ ಕರೆದಿರಲಿಲ್ಲ. ಅವರ ಸಹಿಯ ಚೀಟಿಯನ್ನು ಅಧಿಕಾರಿ ಓದಿ ಕಡತಕ್ಕೆ ಸೇರಿಸಿದರು. ಪುಸ್ತಕಗಳ ಎಣಿಕೆ ಒಂದೂವರೆ ಗಂಟೆ ನಡೆಯಿತು. ಆಮೇಲೆ ಅಕ್ಕ ಗುಂಡಿ ಒತ್ತಿದರು, ಹೊಸ ಕಪಾಟು ಒಂದು ಹಾಳೆ ಮುದ್ರಿಸಿ ಹೊರಗೆ ನೂಕಿತು. ಹೋದ ಸಲದ ನಲವತ್ತೊಂದು ಕೊರತೆಯಲ್ಲಿ ನಲವತ್ತು ಸುಳ್ಳೆಂದು ಮಾಯವಾಗಿದ್ದವು.

ಒಂದು ಸಾಲು ಮಾತ್ರ ಹಾಗೇ ಉಳಿದಿತ್ತು.

ಅಕ್ಕ ಅದನ್ನು ಓದಿದರು. ಹಾಳೆಯನ್ನು ನಾಲ್ಕಾಗಿ ಮಡಿಚಿ ಕೈಯಲ್ಲಿ ಹಿಡಿದರು.

"ಒಂದು ಪುಸ್ತಕ ಕಡಿಮೆ ಇದೆ ಸಾರ್. ಯಾರೋ ಒಯ್ದು ಹತ್ತೊಂಬತ್ತು ವರ್ಷ ಆಯಿತು."

"ಹತ್ತೊಂಬತ್ತು ವರ್ಷ ಹೊರಗಿದ್ದರೆ ಅದು ಹೊರಗೆ ಹೋದದ್ದಲ್ಲ, ಕಳೆದದ್ದು," ಅಂದರು ಅಧಿಕಾರಿ, ಕೆಂಪು ಪೆನ್ನಿನ ಮುಚ್ಚಳ ತೆಗೆಯುತ್ತ. "ಒಂದೂ ಕಡಿಮೆ ಆಗಬಾರದು ಅಂತ ಬರೆದಿದ್ದೆ. ಯಾರು ಒಯ್ದದ್ದು?"

"ಬಿಡಿ ಸಾರ್. ನೀವು ಬರೆಯೋದು ಬರೀರಿ."

"ಬಿಡೋದು ಹೇಗಮ್ಮಾ?" ಮಾವನವರು ಎದ್ದು ನಿಂತರು. "ಇಂಥವರನ್ನ ಬಿಟ್ಟುಬಿಟ್ಟೇ ಲೋಕ ಹೀಗಾಗಿರೋದು! ಒಬ್ಬನ ಅಪ್ರಾಮಾಣಿಕತೆಗೆ ಒಂದು ಗ್ರಂಥಾಲಯವೇ ಮುಚ್ಚಬೇಕಾ? ಹೆಸರು ಓದಿ!"

"ಬೇಡ ಬೀಗರೇ. ದಮ್ಮಯ್ಯ, ಕೂತ್ಕೊಳ್ಳಿ."

"ದಾಕ್ಷಿಣ್ಯ ಬೇಡ! ಕೊಡಿ ಇಲ್ಲಿ!" ಹಾಳೆ ಕಿತ್ತುಕೊಂಡು, ಬಿಡಿಸಿ, ಕನ್ನಡಕ ಏರಿಸಿ, ಇಡೀ ಕೋಣೆಗೆ ಕೇಳುವಂತೆ ಓದಲು ತೊಡಗಿದರು. "ಪುಸ್ತಕ: ಸಮಗ್ರ ತೂಕ ಮತ್ತು ಅಳತೆಗಳ ಕೈಪಿಡಿ. ಒಯ್ದವರು..."

ದನಿ ಅಲ್ಲಿಗೆ ನಿಂತಿತು.

ಹತ್ತೊಂಬತ್ತು ವರ್ಷದ ಹಿಂದೆ, ಮಗಳಿಗೆ ಗಂಡು ನೋಡಲು ಬಂದಾಗ, ಗಂಡಿನ ಅಕ್ಕನ ನಡವಳಿಕೆ ಹೇಗಿದೆ ಎಂದು ಪರೀಕ್ಷಿಸುವುದಕ್ಕೆಂದೇ ಅವರು ಈ ಶಾಖೆಗೆ ಬಂದು ಸದಸ್ಯರಾಗಿದ್ದರು. ಪುಸ್ತಕ ಒಯ್ದರು, ಸಂಬಂಧ ಒಪ್ಪಿಕೊಂಡರು, ಮದುವೆ ಮಾಡಿದರು, ಪುಸ್ತಕಕ್ಕೆ ಕ್ಯಾಲೆಂಡರಿನ ಹೊದಿಕೆ ಹಾಕಿದರು. ಉಳಿದದ್ದು ಮರೆತುಹೋಯಿತು. ಹಳೆಯ ರಿಜಿಸ್ಟರಿನಲ್ಲಿದ್ದ ಆ ಸಾಲು ಮಿಕ್ಕ ಸಾಲುಗಳ ಜೊತೆ ಮುಂದೆ ಕಪಾಟಿಗೆ ಏರಿತ್ತು. ನಲವತ್ತು ಸುಳ್ಳು ಕೊರತೆಗಳ ನಡುವೆ ಆ ಒಂದು ನಿಜದ ಕೊರತೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಸಾರ್," ಅಂದರು ಮಾವನವರು ಅಧಿಕಾರಿಗೆ, ತಗ್ಗಿದ ದನಿಯಲ್ಲಿ, "ಅರ್ಧ ಗಂಟೆ ಕಾಯ್ತೀರಾ? ಅದು... ಒಳಗೇ ಇದೆ."

ಹಾಸಿಗೆಯವನ ಗಾಡಿ ಆ ದಿನ ಓಡಿದ ಹಾಗೆ ಹಿಂದೆಂದೂ ಓಡಿರಲಿಲ್ಲ. ಇಪ್ಪತ್ತೇಳು ನಿಮಿಷದಲ್ಲಿ ಮಾವನವರು ಪುಸ್ತಕವನ್ನು ಎದೆಗೆ ಅವಚಿಕೊಂಡು, ತಲೆಯ ಮೇಲೆಲ್ಲ ಹತ್ತಿಯ ಎಳೆಗಳೊಂದಿಗೆ ಹಿಂದಿರುಗಿದರು. ಹೊದಿಕೆ ಬಿಚ್ಚಿದಾಗ ಶಾಖೆಯ ಮುದ್ರೆ ಹೊಸದರಂತೆ ಹೊಳೆಯುತ್ತಿತ್ತು. ಅಧಿಕಾರಿ ಕೆಂಪು ಪೆನ್ನಿನ ಮುಚ್ಚಳ ಹಾಕಿ, ನೀಲಿ ಪೆನ್ನು ತೆಗೆದು, ‘ಸರಿಯಾಗಿದೆ’ ಎಂದು ಬರೆದರು. ಅವರು ಹೊರಟ ಮೇಲೆ ಅಕ್ಕ ಅದೇ ಪುಸ್ತಕವನ್ನು ಹೊಸದಾಗಿ ಮಾವನವರ ಹೆಸರಿಗೆ ಬರೆದು, ಕೈಗಿತ್ತು, "ಹದಿನೈದು ದಿನ ಬೀಗರೇ," ಅಂದರು, ಅಷ್ಟೆ.

ಸಂಜೆ ಮಾವನವರು ತಾವು ಕೊಟ್ಟ ದೂರನ್ನು ಕ್ರಮಬದ್ಧವಾಗಿ ಮುಗಿಸಿದರು. ಪ್ರಾಮಾಣಿಕ ಮನುಷ್ಯ, ಏನನ್ನೂ ಮುಚ್ಚಿಡಲಿಲ್ಲ: ‘ದೂರು ಸಂಖ್ಯೆ ಒಂದು ಮುಕ್ತಾಯ. ಕೊರತೆ ಬಿದ್ದ ವಸ್ತುವು ದೂರುದಾರರ ಕೋಣೆಯಲ್ಲೇ ಪತ್ತೆಯಾಗಿರುತ್ತದೆ.’

ಈಗ ಪುಟದಲ್ಲಿ ಎರಡು ಪೊಟ್ಟಣಗಳಿವೆ. ಮೇಲೆ ನಲವತ್ತೆಂಟರದು, ‘ಎಲ್ಲರಿಗೂ’ ಎಂದು. ಕೆಳಗೆ ಸಣ್ಣ ಅಕ್ಷರದಲ್ಲಿ ಮೂವತ್ತೊಂದರದು, ‘ದೊಡ್ಡ ಕೋಣೆ ಇರುವವರಿಗೆ’ ಎಂದು. ಬಿಚ್ಚುವ ತಂತ್ರಾಂಶ ಹೊರಗಿದೆ. ಎಲ್ಲವೂ ಸುಸೂತ್ರ ಎನ್ನಬಹುದಿತ್ತು. ಆದರೆ ಭಗವಂತನ ಲೋಕ ವಿಶಾಲವಾದದ್ದು, ಅದರಲ್ಲಿ ಓದು ಬಲ್ಲವರು ಬಹಳ. ಮಂಗಳವಾರ ಬೆಳಿಗ್ಗೆ ಗುಮಾಸ್ತರು ಎದ್ದು ನೋಡುವಾಗ ಮಾವನವರ ಮುಕ್ತಾಯದ ಕೆಳಗೆ ನೂರ ಹನ್ನೆರಡು ಗ್ರಂಥಾಲಯಗಳು ಸಂತೋಷ ವ್ಯಕ್ತಪಡಿಸಿದ್ದವು, ಮತ್ತು ಕೋಣೆಯಲ್ಲಿ ಸಿಕ್ಕಿದ ಆ ಹದಿನೇಳು ಎಂಬಿಯಲ್ಲಿ ತಮ್ಮ ಪಾಲನ್ನು ಆದಷ್ಟು ಬೇಗ ಕಳುಹಿಸಿಕೊಡಬೇಕೆಂದು ವಿಳಾಸ ಸಮೇತ ಕೋರಿದ್ದವು.